ಬಂಗಾರದ ನೆಲ, ಬಾವಿಯ ನೀರು

ನಮ್ಮ ಸುಲ್ತಾನ್‌ಪೇಟೆಯ ಸುತ್ತಮುತ್ತ ಚಿನ್ನದಂಗಡಿಗಳಿಗೇನು ಕೊರತೆ? ಮಗಳ ಮದುವೆಗೆ ಸರ ಕೊಳ್ಳುವಾಗ ತೂಕ, ಕೂಲಿ ಎಲ್ಲವನ್ನೂ ವಿಚಾರಿಸುತ್ತೇವೆ. ಗಣಿಯ ನೆರೆಯವರು ಕುಡಿಯುವ ನೀರನ್ನು ವಿಚಾರಿಸುವುದಿಲ್ಲ.

ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯಲ್ಲಿ ಕಿರದಳ್ಳಿ ತಾಂಡಾ ಎಂಬ ಊರಿದೆ. ಸಮೀಪದ ಮಂಗಳೂರಿನಲ್ಲಿ (ಕರಾವಳಿಯದಲ್ಲ, ಅದೇ ಹೆಸರಿನ ಹಳ್ಳಿ) ಶತಮಾನದ ಹಿಂದೆ ಚಿನ್ನದ ಗಣಿಯಿತ್ತು. ಅಲ್ಲಿ ಬಂಗಾರವೂ ಆರ್ಸೆನಿಕ್ಕೂ ಒಂದೇ ಕಲ್ಲಿನ ಒಡಹುಟ್ಟುಗಳು. ಬಂಗಾರ ಊರು ಬಿಟ್ಟಿತು, ಆರ್ಸೆನಿಕ್ ಉಳಿಯಿತು. 2013ರಲ್ಲಿ ಪ್ರಕಟವಾದ ಅಧ್ಯಯನದಂತೆ, ಆ ಪ್ರದೇಶದ 59 ಕೊಳವೆಬಾವಿಗಳ ಪೈಕಿ ಶೇಕಡ 79ರಲ್ಲಿ ಅದು ಲೀಟರಿಗೆ 10 ಮೈಕ್ರೋಗ್ರಾಂ ಮಿತಿಯನ್ನು ಮೀರಿತ್ತು, ಒಂದರಲ್ಲಿ 303. ತಪಾಸಣೆಗೊಳಗಾದ 181 ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಚರ್ಮದ ಮೇಲೆ ಅದರ ಗುರುತಿತ್ತು. ಈ ವಿಷಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಕಾಯಿಸಿದರೂ ಹೋಗದು, ನೀರು ಬತ್ತಿದಷ್ಟೂ ಗಾಢವಾಗುತ್ತದೆ.

ತಪ್ಪಿತಸ್ಥರು ಯಾರು? ಅಗೆದವರು ತೀರಿಹೋಗಿ ತಲೆಮಾರುಗಳಾದವು. ಕಲ್ಲಿನ ಸಹಜ ವಿಷವೆಷ್ಟು, ಗಣಿಯ ಪುಡಿಯದೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಬಾವಿ ಕೊರೆಸಿದವರಿಗಂತೂ ಅದು ಪುಣ್ಯಕಾರ್ಯ. ಅರಿವು, ಸಮ್ಮತಿ ಇಲ್ಲದೆ ಪಾಪವಾಗದೆಂದು ನಮ್ಮ ನೀತಿಶಾಸ್ತ್ರವೂ ಹೇಳುತ್ತದೆ. ಹಾಗೆಂದು ಹೊಣೆ ಯಾರದೂ ಅಲ್ಲವೇ? ಸಮಾರಿಯದವನು ಆ ಗಾಯಾಳುವನ್ನು ಹೊಡೆದವನಲ್ಲ. ಆದರೂ ಛತ್ರದ ಖರ್ಚು ಕೊಟ್ಟ. ಪರೀಕ್ಷೆಯ ವರದಿ ಕೈಸೇರಿದ ಮೇಲೆ, ತಿಳಿದಿರಲಿಲ್ಲವೆಂಬ ಮಾತು ಯಾರಿಗೂ ಉಳಿಯುವುದಿಲ್ಲ: ಅಧಿಕಾರಿಗಳಿಗೂ, ಓದಿದ ನಮಗೂ.

ನಿಮ್ಮಲ್ಲಿ ಯಾರಾದರೂ ಹಿರಿಯರ ನೆನಪಿಗೆ ಹಳ್ಳಿಯೊಂದಕ್ಕೆ ಕೊಳವೆಬಾವಿ ಕೊಡಿಸುವವರಿದ್ದರೆ, ಪಂಪಿನ ಹಣದ ಜೊತೆಗೆ ನೀರಿನ ಪರೀಕ್ಷೆಯ ಹಣವನ್ನೂ ಎತ್ತಿಡಿ.