ಬಲಿಪಾಡ್ಯಮಿಯೂ ಗೃಹಸ್ಥನ ಐದು ಪಾಲುಗಳೂ



ಆಶ್ವಯುಜ ಬಹುಳ ಅಮಾವಾಸ್ಯೆಯಂದು ನಾವು ಧನಲಕ್ಷ್ಮಿಯನ್ನು ಪೂಜಿಸುತ್ತೇವೆ. ಮರುದಿನ, ಕಾರ್ತಿಕ ಶುದ್ಧ ಪಾಡ್ಯದಂದು, ತನ್ನ ಸರ್ವಸ್ವವನ್ನೂ ವಾಮನರೂಪಿಯಾದ ಶ್ರೀಹರಿಗೆ ಧಾರೆಯೆರೆದ ಬಲಿಚಕ್ರವರ್ತಿಯನ್ನು ಸ್ಮರಿಸುತ್ತೇವೆ. ಧನವನ್ನು ಮನೆಗೆ ಬರಮಾಡಿಕೊಳ್ಳುವ ಪರ್ವ ಒಂದು. ಧನವನ್ನು ಅದರ ಒಡೆಯನಿಗೆ ಒಪ್ಪಿಸಿದವನ ಪರ್ವ ಮತ್ತೊಂದು. ಗೃಹಸ್ಥನಾದವನು ದುಡ್ಡನ್ನು ಯಾವ ಭಾವದಿಂದ ಕಾಣಬೇಕು, ಯಾವ ಕ್ರಮದಿಂದ ಹಂಚಬೇಕು ಎಂಬುದನ್ನು ವಿಚಾರಮಾಡಲು ಇದಕ್ಕಿಂತ ತಕ್ಕ ಕಾಲವಿಲ್ಲ.

ನಮ್ಮ ಸೀಮೆಗೆ ಮತ್ತೊಂದು ಕಾರಣವೂ ಉಂಟು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳಲ್ಲಿ ಹೊಗೆಸೊಪ್ಪಿನ ಹಣ ಕೈಗೆ ಬರುವುದು ಸುಮಾರಾಗಿ ಈ ಹಬ್ಬಗಳ ಕಾಲಕ್ಕೇ. ತಂಬಾಕು ಮಂಡಳಿ ಸ್ಥಾಪನೆಯಾದದ್ದು 1976ರಲ್ಲಿ. ಅದರ ಹರಾಜು ಪದ್ಧತಿ ನಮ್ಮ ರಾಜ್ಯದಲ್ಲಿ ಆರಂಭವಾದದ್ದು 1984ರಲ್ಲಿ. ಅಂದಿನಿಂದ ಈ ಭಾಗದ ಸಹಸ್ರಾರು ಕುಟುಂಬಗಳ ಪಂಚಾಂಗವೇ ಬೇರೆಯಾಗಿದೆ. ಬೇಸಗೆಯಲ್ಲಿ ಸಸಿಮಡಿ, ಮುಂಗಾರು ಹನಿಯುತ್ತಲೇ ನಾಟಿ, ಆಷಾಢ ಶ್ರಾವಣಗಳಲ್ಲಿ ಎಲೆ ಮುರಿದು ಬ್ಯಾರನ್ನಿನಲ್ಲಿ ಬೇಯಿಸುವ ಕೆಲಸ, ಅನಂತರ ಬೇಲು ಕಟ್ಟಿ ಹರಾಜಿಗೆ ಒಯ್ಯುವುದು. ಕೃಷ್ಣರಾಜನಗರದ ನಾಲೆಯ ಕೆಳಗಿನ ಭತ್ತದವರಿಗೆ ಮಾರ್ಗಶಿರ ಪುಷ್ಯಗಳಲ್ಲಿ ಸುಗ್ಗಿ. ಅರ್ಚಕರ ಮನೆಯ ಕಥೆಯೂ ಹೀಗೆಯೇ: ಶ್ರಾವಣ ಕಾರ್ತಿಕಗಳಲ್ಲಿ ತಟ್ಟೆಗೆ ನಾಲ್ಕು ಕಾಸು, ಮದುವೆಯ ಮುಹೂರ್ತಗಳಲ್ಲಿ ಸಂಭಾವನೆ, ಆಷಾಢದಲ್ಲಿ ಬರಿಗೈ. ತಿಂಗಳ ಸಂಬಳವಿಲ್ಲದ ಮನೆಗಳಲ್ಲೆಲ್ಲ ಆದಾಯವು ಮೂರು ನಾಲ್ಕು ತಿಂಗಳಲ್ಲಿ ಬರುತ್ತದೆ. ಹೊಟ್ಟೆ ಮಾತ್ರ ಹನ್ನೆರಡು ತಿಂಗಳೂ ಹಸಿಯುತ್ತದೆ. ನಮ್ಮ ಮನೆಗಳ ಬಹುಪಾಲು ಕಷ್ಟಗಳಿಗೆ ಮೂಲ ಈ ಅಂತರದಲ್ಲಿಯೇ ಇದೆ.

ಈ ಅಂತರವನ್ನು ತುಂಬುವ ಉಪಾಯವನ್ನು ಶ್ರೀಮದ್ಭಾಗವತವು ಬಲಿಯ ಪ್ರಸಂಗದಲ್ಲಿಯೇ ತಿಳಿಸಿದೆ. ಅಷ್ಟಮಸ್ಕಂಧದ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಶುಕ್ರಾಚಾರ್ಯರು ಬಲಿಗೆ ಉಪದೇಶಿಸುವ ಮಾತು ಅದು. ಧನವನ್ನು ಐದಾಗಿ ವಿಭಾಗಿಸಬೇಕು: ಧರ್ಮಕ್ಕೆ ಒಂದು, ಯಶಸ್ಸಿಗೆ ಒಂದು, ಮತ್ತೆ ಧನವನ್ನು ಬೆಳೆಸುವುದಕ್ಕೆ ಒಂದು, ಸುಖೋಪಭೋಗಕ್ಕೆ ಒಂದು, ಸ್ವಜನರಿಗೆ ಒಂದು. ಹೀಗೆ ಹಂಚುವವನು ಇಹಪರಗಳೆರಡರಲ್ಲಿಯೂ ಸಂತೋಷಪಡುತ್ತಾನೆ ಎಂಬುದು ಅದರ ತಾತ್ಪರ್ಯ.

ಇಲ್ಲಿ ಒಂದು ಶಂಕೆ ಏಳುವುದು ಸಹಜ. ಬಲಿಯು ಶುಕ್ರರ ಮಾತನ್ನು ಮೀರಿದ್ದರಿಂದಲೇ ಉದ್ಧಾರವಾದನಲ್ಲವೆ? ಹಾಗಿರುವಾಗ ಆ ಉಪದೇಶವನ್ನು ನಾವೇಕೆ ಹಿಡಿಯಬೇಕು? ಸಮಾಧಾನವಿಷ್ಟು. ಶುಕ್ರರ ಲೆಕ್ಕದಲ್ಲಿ ದೋಷವಿರಲಿಲ್ಲ. ಅದನ್ನು ಹೇಳಿದ ಸಂದರ್ಭದಲ್ಲಿ ದೋಷವಿತ್ತು. ಬೇಡಬಂದ ವಟುವು ಸಾಕ್ಷಾತ್ ವಿಷ್ಣುವೆಂದು ಅವರಿಗೆ ತಿಳಿದಿತ್ತು. ಧನದ ಒಡೆಯನೇ ಬಾಗಿಲಲ್ಲಿ ನಿಂತು ತನ್ನದನ್ನು ಕೇಳುತ್ತಿರುವಾಗ ಕೊಡಬೇಡವೆಂದದ್ದು ಅಪಚಾರವಾಯಿತು. ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಶ್ರೀಹರಿಯೊಬ್ಬನೇ ಸ್ವತಂತ್ರನು. ಮಿಕ್ಕೆಲ್ಲವೂ ಅವನ ಅಧೀನ. ಆದುದರಿಂದ ನಮ್ಮ ಪೆಟ್ಟಿಗೆಯಲ್ಲಿರುವ ಹಣಕ್ಕೆ ನಾವು ಒಡೆಯರಲ್ಲ, ಹಿಂದೆ ಗ್ರಾಮಗಳಲ್ಲಿದ್ದ ಶ್ಯಾನುಭೋಗರಂತೆ ಲೆಕ್ಕವಿಡುವವರು ಮಾತ್ರ. ಶ್ಯಾನುಭೋಗನಿಗೆ ಲೆಕ್ಕದಲ್ಲಿ ಉದಾಸೀನವಿರಕೂಡದು. ಹಣ ತನ್ನದಲ್ಲವೆಂಬ ಕಾರಣಕ್ಕೇ ಅವನು ಹೆಚ್ಚು ಜಾಗರೂಕನಾಗಿರಬೇಕು.

ಈಗ ಅನುಷ್ಠಾನಕ್ಕೆ ಬರೋಣ. ಒಂದು ಮನೆಗೆ ಬೆಳೆಯ ಹಣ ಬಂದು, ಬೆಳೆಸಾಲ, ಕೂಲಿ, ಗೊಬ್ಬರ, ಬ್ಯಾರನ್ನಿನ ಸೌದೆಯ ಬಾಕಿಗಳೆಲ್ಲ ಕಳೆದು 2,40,000 ರೂಪಾಯಿ ಉಳಿಯಿತೆಂದು ಭಾವಿಸೋಣ. ಖಾತೆಗೆ ಬಂದ ದಿನ ಅದು ದೊಡ್ಡ ಮೊತ್ತವಾಗಿಯೇ ಕಾಣುತ್ತದೆ. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 20,000 ರೂಪಾಯಿ! ಈ ಭಾಗಾಹಾರವನ್ನು ಮೊದಲ ದಿನವೇ ಮಾಡಿದ ಮನೆಗೂ, ಯುಗಾದಿ ಕಳೆದು ಪೆಟ್ಟಿಗೆ ಬರಿದಾದ ಮೇಲೆ ಮಾಡಿದ ಮನೆಗೂ ಇರುವ ವ್ಯತ್ಯಾಸ ಅಪಾರ. ಐದು ಪಾಲುಗಳು ಸಮವಾಗಿರಬೇಕೆಂಬ ನಿಯಮವಿಲ್ಲ. ದೃಷ್ಟಾಂತಕ್ಕೆ, ಊಟ, ಬಟ್ಟೆ, ಮನೆಯ ನಿತ್ಯದ ಅನುಕೂಲಗಳಿಗೆ 1,10,000, ತಂದೆತಾಯಿಗಳ ಔಷಧ, ಮಕ್ಕಳ ವಿದ್ಯೆ, ಆಪತ್ತು ಮುಂತಾದ ಸ್ವಜನರ ಪಾಲಿಗೆ 50,000, ಮುಂದಿನ ಬೆಳೆಯ ಮೂಲಧನಕ್ಕೆ 50,000, ಧರ್ಮಕ್ಕೆ 15,000, ಯಶಸ್ಸಿಗೆ 15,000. ಮೊತ್ತಗಳು ಮನೆಯಿಂದ ಮನೆಗೆ ಬೇರೆಯಾಗಬಹುದು. ಖರ್ಚಿಗೆ ಮೊದಲು ವಿಭಾಗ ನಡೆಯಬೇಕೆಂಬ ಕ್ರಮ ಮಾತ್ರ ಬದಲಾಗಕೂಡದು.

ಯಶಸ್ಸಿನ ಪಾಲಿನ ವಿಷಯದಲ್ಲಿ ಎರಡು ಮಾತು ಅವಶ್ಯಕ. ಊರಿನ ಕೆರೆ, ಶಾಲೆ, ಅನ್ನದಾನಗಳಿಗೆ ಕೈಲಾದಷ್ಟು ಕೊಟ್ಟು ಸಜ್ಜನರ ಮೆಚ್ಚುಗೆ ಪಡೆಯುವುದು ಹಿಂದಿನವರ ಯಶಸ್ಸು. ಇಂದು ಕಲ್ಯಾಣಮಂಟಪದ ದೀಪಾಲಂಕಾರವೂ ಊಟದೆಲೆಯ ಮೇಲಿನ ಐಟಂಗಳ ಸಂಖ್ಯೆಯೂ ಯಶಸ್ಸಿನ ಅಳತೆಗೋಲಾಗಿವೆ. ಒಂದು ಮದುವೆಯಲ್ಲಿ ಈ ಒಂದು ಪಾಲು ಮಿಕ್ಕ ನಾಲ್ಕನ್ನೂ ನುಂಗಿಬಿಡುತ್ತದೆ. ವಿವಾಹಸಂಸ್ಕಾರಕ್ಕೆ ಅಗ್ನಿ, ಮಂತ್ರ, ಬಂಧುಗಳ ಆಶೀರ್ವಾದ ಬೇಕು. ಸಾಲದ ಪತ್ರ ಬೇಕೆಂದು ಯಾವ ಗೃಹ್ಯಸೂತ್ರದಲ್ಲಿಯೂ ಹೇಳಿಲ್ಲ.

ಧರ್ಮದ ಪಾಲಿಗೂ ಈ ವಿವೇಕ ಅನ್ವಯಿಸುತ್ತದೆ. ದೇವಾಲಯದ ಪತ್ರಿಕೆಯಲ್ಲಿ ಈ ಮಾತು ಬರುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೂ ಹೇಳಲೇಬೇಕು: ಬಡ್ಡಿಗೆ ಹಣ ತಂದು ಹರಕೆ ತೀರಿಸಬೇಡಿ, ಉತ್ಸವದ ಸೇವೆ ಬರೆಸಬೇಡಿ. ಒಂದು ಎಲೆ, ಒಂದು ಹೂವು, ಒಂದು ಹಣ್ಣು, ಒಂದಿಷ್ಟು ನೀರು ಭಕ್ತಿಯಿಂದ ಅರ್ಪಿತವಾದರೆ ಸಾಕೆಂದು ಗೀತಾಚಾರ್ಯನೇ ತಿಳಿಸಿರುವನು. ಪುರಂದರದಾಸರು ಸರ್ವಸ್ವವನ್ನೂ ತ್ಯಜಿಸಲಿಲ್ಲವೆ ಎಂದು ಕೇಳುವವರುಂಟು. ದಾಸರಾಗುವ ಮುನ್ನ ಅವರು ಸಿರಿವಂತರಾದ ವರ್ತಕರು. ಬನ್ನೂರಿನಲ್ಲಿ ಅವತರಿಸಿದ ಶ್ರೀವ್ಯಾಸರಾಜರಿಂದ ದಾಸದೀಕ್ಷೆ ಪಡೆದವರು. ಅವರು ಬಿಟ್ಟದ್ದು ತಮ್ಮದಾಗಿದ್ದ ಧನವನ್ನು. ಸಾಲಗಾರನಾದವನು ಬಿಡುವುದು ಸಾಲ ಕೊಟ್ಟವನ ಧನವನ್ನು. ಅದಕ್ಕೆ ತ್ಯಾಗವೆಂಬ ಹೆಸರು ಸಲ್ಲದು.

ಸಾಲವೆಲ್ಲವೂ ಪಾಪವೆಂದು ಇದರ ಅರ್ಥವಲ್ಲ. ಬಿತ್ತನೆಗೆ, ವಿದ್ಯೆಗೆ, ರೋಗಕ್ಕೆ ಸಾಲ ಬೇಕಾಗುತ್ತದೆ. ಯಾರಿಂದ, ಯಾವ ದರಕ್ಕೆ ಎಂಬುದೇ ಪ್ರಶ್ನೆ. ನೂರಕ್ಕೆ ಮೂರು ರೂಪಾಯಿ ಬಡ್ಡಿ ಎಂದಾಗ ಕಿವಿಗೆ ಅದು ಹಗುರವಾಗಿ ಕೇಳುತ್ತದೆ. ಅದು ತಿಂಗಳ ಲೆಕ್ಕ. ನಾಟಿಯ ಕಾಲದಲ್ಲಿ ತಂದ 1,00,000 ರೂಪಾಯಿಗೆ ಹರಾಜಿನ ಹಣ ಬರುವ ಆರು ತಿಂಗಳಲ್ಲಿ 18,000 ಬಡ್ಡಿಯಾಗುತ್ತದೆ; ವರ್ಷ ತುಂಬಿದರೆ 36,000. ಇತ್ತ ಸಹಕಾರ ಸಂಘಗಳ ಮೂಲಕ ರೈತರಿಗೆ ಕೊಡುವ ಬಡ್ಡಿರಹಿತ ಅಲ್ಪಾವಧಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸುವುದಾಗಿ ರಾಜ್ಯ ಸರ್ಕಾರವು 2023ರ ಮುಂಗಡಪತ್ರದಲ್ಲಿ ಘೋಷಿಸಿತು. ಅವಧಿಗೆ ಸರಿಯಾಗಿ ಹಿಂದಿರುಗಿಸಿದವರಿಗೆ ಮಾತ್ರ ಆ ಅನುಕೂಲ. ಆದುದರಿಂದ ಸಂಘದ ಕಂತನ್ನು ತಪ್ಪಿಸಿ ಹಬ್ಬ ಮಾಡುವವನು ಮುಂದಿನ ವರ್ಷದ ನೂರಕ್ಕೆ ಮೂರರ ಬಾಗಿಲನ್ನು ತಾನೇ ತೆರೆದಂತೆ. ದೇವಋಣ, ಋಷಿಋಣ, ಪಿತೃಋಣಗಳನ್ನು ತೀರಿಸಲು ನಮಗೆ ಒಂದು ಜನ್ಮವೇ ಉಂಟು. ಮನುಷ್ಯನ ಋಣಕ್ಕೆ ವಾಯಿದೆಯ ದಿನವೇ ಕೊನೆ.

ಉಳಿಸಿದ ಹಣವನ್ನು ಎಲ್ಲಿ ಇಡಬೇಕೆಂಬುದೂ ವಿಚಾರಾರ್ಹ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರುರಾಘವೇಂದ್ರ ಸಹಕಾರ ಬ್ಯಾಂಕಿನ ವ್ಯವಹಾರದ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ವಿಧಿಸಿ, ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ಹಿಂದಕ್ಕೆ ಪಡೆಯಕೂಡದೆಂದಿತು. ನಿವೃತ್ತಿಯ ಹಣವನ್ನೆಲ್ಲ ಅಲ್ಲಿಟ್ಟಿದ್ದ ವೃದ್ಧರು ಪಟ್ಟ ಸಂಕಟ ಅಷ್ಟಿಷ್ಟಲ್ಲ. ಹೆಸರು ಗುರುಗಳದಾದರೂ ಲೆಕ್ಕ ಮನುಷ್ಯರದೇ ಎಂಬುದನ್ನು ಮರೆಯಬಾರದು. 2020ರ ಫೆಬ್ರವರಿ 4ರಿಂದ ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನ ಅಸಲು ಬಡ್ಡಿ ಸೇರಿ 5 ಲಕ್ಷ ರೂಪಾಯಿಗಳವರೆಗೆ ವಿಮೆಯ ರಕ್ಷಣೆಯಿದೆ. ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಆ ರಕ್ಷಣೆಯಿಲ್ಲ. ಅರ್ಧ ರೂಪಾಯಿ ಹೆಚ್ಚು ಬಡ್ಡಿಯ ಆಸೆಗೆ ಇಡೀ ಗಂಟನ್ನು ಒಂದೇ ಕಡೆ ಇಡದಿರುವುದು ಲೇಸು.

ಈ ಲೆಕ್ಕ ಮನೆಯ ಯಜಮಾನನೊಬ್ಬನಿಗೇ ತಿಳಿದಿದ್ದರೆ ಸಾಲದು. ವನಪರ್ವದಲ್ಲಿ ಸತ್ಯಭಾಮೆಯು ದ್ರೌಪದಿಯನ್ನು, ಪಾಂಡವರು ನಿನ್ನ ಮಾತನ್ನು ಇಷ್ಟೊಂದು ಮನ್ನಿಸುವುದು ಹೇಗೆಂದು ಕೇಳುತ್ತಾಳೆ. ಮಂತ್ರ ಮೂಲಿಕೆಗಳ ಮಾತನ್ನು ದ್ರೌಪದಿ ತಳ್ಳಿಹಾಕುತ್ತಾಳೆ. ತಾನು ಮಾಡುತ್ತಿದ್ದ ಸೇವೆಗಳನ್ನು ಹೇಳುವಾಗ, ಪಾಂಡವರ ಆಯವ್ಯಯವೆಲ್ಲ ತನ್ನೊಬ್ಬಳಿಗೇ ತಿಳಿದಿತ್ತೆಂದು ಹೇಳಿಕೊಳ್ಳುತ್ತಾಳೆ. ಚಕ್ರವರ್ತಿಯ ಬೊಕ್ಕಸವನ್ನು ಗೃಹಿಣಿಯು ಬಲ್ಲವಳಾಗಿದ್ದಳು. ನಮ್ಮ ಮನೆಗಳಲ್ಲಿ ಸಾಲದವನು ಬಾಗಿಲು ತಟ್ಟುವವರೆಗೂ ಸಾಲವಿದೆಯೆಂದು ಗೃಹಿಣಿಗೆ ತಿಳಿಯದು! 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯು ತಿಂಗಳಿಗೆ 2,000 ರೂಪಾಯಿಗಳನ್ನು ಮನೆಯ ಯಜಮಾನಿಯ ಖಾತೆಗೇ ಹಾಕುವ ಏರ್ಪಾಡು ಮಾಡಿತು. ಆ ಹಣವನ್ನು ಕೇಳಿ ಪಡೆಯುವ ಗಂಡಸರು ತಮ್ಮ ಲೆಕ್ಕವನ್ನು ಆಕೆಗೆ ತೋರಿಸುವುದೂ ನ್ಯಾಯ. ತಿಂಗಳಿಗೆರಡು ಬಾರಿ, ದ್ವಾದಶಿಯ ಪಾರಣೆ ಮುಗಿದ ಮೇಲೆ, ಪತಿಪತ್ನಿಯರು ಕುಳಿತು ಹದಿನೈದು ದಿನಗಳ ಆಯವ್ಯಯವನ್ನು ಒಂದು ನೋಟುಪುಸ್ತಕದಲ್ಲಿ ಓದಿಕೊಳ್ಳಲಿ. ಅರ್ಧ ಗಂಟೆಯ ಕೆಲಸ. ಏಕಾದಶಿಯ ಉಪವಾಸದಿಂದ ಶುದ್ಧವಾದ ಮನಸ್ಸಿಗೆ ದುಂದು ಯಾವುದು, ಅವಶ್ಯ ಯಾವುದು ಎಂಬುದು ಬೇಗ ಹೊಳೆಯುತ್ತದೆ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 2015ರಲ್ಲಿ ನಮ್ಮ ರಾಜ್ಯದಲ್ಲಿ ಅನೇಕ ರೈತರು ಸಾಲದ ಭಾರದಿಂದ ಪ್ರಾಣ ಕಳೆದುಕೊಂಡರು. ನಮ್ಮ ಜಿಲ್ಲೆಯ ಹೊಗೆಸೊಪ್ಪಿನ ಬೆಳೆಗಾರರೂ ಅವರಲ್ಲಿದ್ದರು. ಕಿರುಸಾಲದ ವಸೂಲಿಗಾರರ ಕಿರುಕುಳಕ್ಕೆ ಅಂಜಿ ಜನ ಮನೆ ಬಿಟ್ಟು ಹೋಗುತ್ತಿದ್ದಾರೆಂಬ ಸುದ್ದಿಗಳು ಬಂದ ಮೇಲೆ, 2025ರ ಫೆಬ್ರವರಿಯಲ್ಲಿ ರಾಜ್ಯದಲ್ಲಿ ಸುಗ್ರೀವಾಜ್ಞೆಯೇ ಹೊರಬಿದ್ದಿತು. ಬಲವಂತದ ವಸೂಲಿಗೆ ಹತ್ತು ವರ್ಷಗಳವರೆಗಿನ ಸೆರೆವಾಸವನ್ನೂ 5 ಲಕ್ಷ ರೂಪಾಯಿಗಳವರೆಗಿನ ದಂಡವನ್ನೂ ಅದು ವಿಧಿಸಿತು. ಕಾನೂನಿನ ರಕ್ಷೆ ಉಂಟು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಸಲಹೆ ಕೇಳಬಹುದು. ಬ್ಯಾಂಕಿನವರೊಡನೆ ಮಾತನಾಡಿ ವಾಯಿದೆ ಹೊಂದಿಸಿಕೊಳ್ಳಬಹುದು. ಎಲ್ಲಕ್ಕೂ ಮೊದಲು ಮನೆಯವರೆದುರು ಬಾಯಿ ಬಿಡಬೇಕು. ಈ ದೇಹವೂ ಶ್ರೀಹರಿಯು ಸಾಧನೆಗಾಗಿ ಕೊಟ್ಟ ಸ್ವತ್ತು. ಯಾವ ಸಾಲಕ್ಕೂ ಅದನ್ನು ತೆತ್ತು ತೀರಿಸುವ ಅಧಿಕಾರ ನಮಗಿಲ್ಲ. ಯಾವ ಸಾಲಗಾರನಿಗೂ ಅದನ್ನು ಕೇಳುವ ಹಕ್ಕಿಲ್ಲ. ನೆರೆಯವನ ಮುಖ ಬಾಡಿರುವುದನ್ನು ಕಂಡವರು, ನಮಗೇಕೆಂದು ಸುಮ್ಮನಿರದೆ, ಹತ್ತಿರ ಕುಳಿತು ವಿಚಾರಿಸಿದರೆ ಅದೂ ಐದು ಪಾಲುಗಳಲ್ಲಿ ಮೊದಲನೆಯದಾದ ಧರ್ಮವೇ.

ಯಾರು ಸುಖಿ ಎಂದು ಯಕ್ಷನು ಕೇಳಿದಾಗ, ಸಾಲವಿಲ್ಲದೆ, ಪರಸ್ಥಳಕ್ಕೆ ಅಲೆಯದೆ, ಐದಾರು ದಿನಗಳಿಗೊಮ್ಮೆಯಾದರೂ ತನ್ನ ಮನೆಯಲ್ಲಿ ಸೊಪ್ಪು ಬೇಯಿಸಿ ಉಣ್ಣುವವನೇ ಸುಖಿ ಎಂಬ ಅರ್ಥದಲ್ಲಿ ಧರ್ಮರಾಯನು ಉತ್ತರವಿತ್ತನು. ರಾಜ್ಯವನ್ನು ಪಣಕ್ಕಿಟ್ಟು ಕಳೆದುಕೊಂಡು ಕಾಡಿನಲ್ಲಿದ್ದವನ ಅನುಭವದ ಮಾತದು.

ಈ ಬಲಿಪಾಡ್ಯಮಿಯಂದು ಅಭ್ಯಂಗಸ್ನಾನ, ಪೂಜೆಗಳು ಮುಗಿದ ಮೇಲೆ, ಹೊಸ ನೋಟುಪುಸ್ತಕವೊಂದಕ್ಕೆ ಅರಿಸಿನ ಕುಂಕುಮ ಹಚ್ಚಿ, ಐದು ಪಾಲುಗಳನ್ನು ಬರೆದು, ಮನೆಮಂದಿಯೆಲ್ಲ ಕೇಳುವಂತೆ ಓದಿ ದೇವರ ಮುಂದೆ ಇಡಿರಿ. ನಮ್ಮ ನಾಲ್ಕು ತಾಲ್ಲೂಕುಗಳ ಮನೆಮನೆಗಳಲ್ಲಿ ಋಣಬಾಧೆ ನೀಗಿ, ಮಕ್ಕಳ ಹೊಟ್ಟೆ ತುಂಬಿ, ಹಿರಿಯರಿಗೆ ನೆಮ್ಮದಿ ದೊರೆಯುವಂತೆ ಹರಿವಾಯುಗುರುಗಳು ಅನುಗ್ರಹಿಸಲೆಂದು ಪ್ರಾರ್ಥಿಸುತ್ತೇವೆ.

॥ ಶ್ರೀಕೃಷ್ಣಾರ್ಪಣಮಸ್ತು ॥