ಹಿಂದೆ ನಿಂತವನ ಗಿಟಾರ್

ಗಿಟಾರ್ ಕಲಿತು ಎರಡು ವರ್ಷವಾಗಿದ್ದಾಗ ಕಾಲೇಜಿನ ಗೆಳೆಯರ ತಂಡದಲ್ಲಿ ನನಗೆ ಸಿಕ್ಕಿದ್ದು ರಿದಮ್ ನುಡಿಸುವ ಕೆಲಸ. ಸೋಲೋ ಇನ್ನೊಬ್ಬನ ಪಾಲಾಯಿತು. ಒಂದೇ ತಿಂಗಳಲ್ಲಿ ತಂಡ ಬಿಟ್ಟೆ. ಇಲ್ಲಿ ನನ್ನ ಕಲೆಗೆ ಬೆಲೆಯಿಲ್ಲ ಎಂದುಕೊಂಡಿದ್ದೆ. ಆ ಮಾತಿನ ಬಗ್ಗೆ ಅನುಮಾನ ಹುಟ್ಟಿದ್ದು ಜಿಮ್ಮಿ ನೋಲೆನ್‌ನ ಗಿಟಾರ್ ಕೇಳಿದ ಮೇಲೆ.

1934ರಲ್ಲಿ ಅಮೆರಿಕದ ಒಕ್ಲಹೋಮದಲ್ಲಿ ಹುಟ್ಟಿದ ನೋಲೆನ್, ಟಿ-ಬೋನ್ ವಾಕರ್‌ನ ಬ್ಲೂಸ್‌ಗೆ ಮರುಳಾಗಿ ಗಿಟಾರ್ ಹಿಡಿದವನು. ಬ್ಲೂಸ್‌ನಲ್ಲಿ ಗಿಟಾರ್ ಸುಮ್ಮನಿರುವುದಿಲ್ಲ. ಹಾಡುಗಾರನ ಒಂದೊಂದು ಸಾಲಿಗೂ ಮರುಮಾತು ಕೊಡುತ್ತದೆ. ಐವತ್ತರ ದಶಕದಲ್ಲಿ ಆತ ತನ್ನದೇ ಹೆಸರಿನಲ್ಲಿ ರೆಕಾರ್ಡುಗಳನ್ನೂ ತಂದಿದ್ದ. 1965ರಲ್ಲಿ ಜೇಮ್ಸ್ ಬ್ರೌನ್‌ನ ತಂಡ ಸೇರಿದ ಮೇಲೆ ಆ ಮಾತುಗಾರ ಗಿಟಾರ್ ಹಿಂದೆ ಸರಿಯಿತು. ಎಡಗೈ ತಂತಿಗಳನ್ನು ಪೂರ್ತಿ ಒತ್ತದೆ ಹಗುರವಾಗಿ ಮುಟ್ಟುತ್ತದೆ, ಬಲಗೈ ಬಿರುಸಾಗಿ ಆಡುತ್ತದೆ. ಸ್ವರ ಬೆಳೆಯುವ ಮೊದಲೇ ನಿಂತುಹೋಗಿ, ಗಿಟಾರ್ ಬಹುಪಾಲು ಡ್ರಮ್ ಆಗಿಬಿಡುತ್ತದೆ. ಕೋಳಿ ನೆಲ ಕೆದಕಿದಂಥ ಈ ಸದ್ದಿಗೆ 'ಚಿಕನ್ ಸ್ಕ್ರ್ಯಾಚ್' ಎಂದು ಹೆಸರಾಯಿತು. ಫಂಕ್ ಗಿಟಾರ್‌ನ ಬುನಾದಿಗಳಲ್ಲಿ ಇದೂ ಒಂದು.

ಹಾಗಾದರೆ ತಂಡಕ್ಕೆ ಒಪ್ಪಿಸಿಕೊಂಡವನು ತನ್ನತನ ಕಳೆದುಕೊಂಡನೆ? ನನಗೆ ಹಾಗೆನ್ನಿಸುವುದಿಲ್ಲ. ಸೋಲೋ ಇಲ್ಲದ ಆ ಕೆರೆತದಲ್ಲೇ ಅವನ ಕೈಯನ್ನು ಗುರುತಿಸಬಹುದು. ಎಲ್ಲಿ ನುಡಿಸಬಾರದು ಎಂಬುದನ್ನು ಅವನಷ್ಟು ಚೆನ್ನಾಗಿ ಬಲ್ಲವರು ಕಡಿಮೆ.

ಆದರೆ ಇದನ್ನು ಇಲ್ಲಿಗೇ ನಿಲ್ಲಿಸಿದರೆ ಅಪಾಯವಿದೆ. 'ತಂಡಕ್ಕಾಗಿ ನಿನ್ನನ್ನು ಮರೆ' ಎಂಬ ಉಪದೇಶ ಮುಂದೆ ನಿಂತವರಿಗೆ ಬಹಳ ಅನುಕೂಲದ್ದು. ತಪ್ಪು ನುಡಿಸಿದ ವಾದಕರಿಗೆ ದಂಡ ಹಾಕುವುದಕ್ಕೆ ಬ್ರೌನ್ ಹೆಸರಾಗಿದ್ದ. 1970ರಲ್ಲಿ ಸಂಬಳದ ಜಗಳದಿಂದ ಅವನ ತಂಡದ ಹೆಚ್ಚಿನವರು ಹೊರನಡೆದರು. ಅವರಲ್ಲಿ ನೋಲೆನ್ ಕೂಡ ಇದ್ದ. ಎರಡು ವರ್ಷದ ನಂತರ ಮರಳಿದ. 1983ರಲ್ಲಿ ತೀರಿಕೊಂಡಾಗಲೂ ಅದೇ ತಂಡದಲ್ಲಿದ್ದ.

ಆತ ಮರಳಿದ್ದನ್ನು ಕೆಲವರು ಸೋಲು ಎನ್ನಬಹುದು. ನನಗೆ ಮುಖ್ಯವೆನಿಸುವುದು ಆತ ಹೊರಟ ಕಾರಣ. ಮೆರೆಯುವ ಆಸೆಯನ್ನು ಕಲಾವಿದ ತಾನಾಗಿ ಬಿಟ್ಟರೆ ಅದು ಅವನ ಸಾಧನೆ. ದುಡಿಮೆಯ ಕೂಲಿಯನ್ನು ಬಿಡು ಎಂದು ಅವನಿಗೆ ಹೇಳುವ ಹಕ್ಕು ಮಾತ್ರ ಯಾರಿಗೂ ಇಲ್ಲ. ವಿನಯದ ಹೆಸರಿನಲ್ಲಿ ನಾವು ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಬಿಡುತ್ತೇವೆ.

ನೋಲೆನ್ ತಂಡ ಬಿಟ್ಟಿದ್ದು ನ್ಯಾಯ ಕೇಳಿ. ನಾನು ಬಿಟ್ಟಿದ್ದು ಜನ ನನ್ನನ್ನು ನೋಡಲಿಲ್ಲವೆಂದು. ಈಗ ಗಿಟಾರ್ ಹಿಡಿದಾಗಲೆಲ್ಲ ಮೊದಲು ರಿದಮ್ಮನ್ನೇ ನುಡಿಸುತ್ತೇನೆ. ಇನ್ನೂ ಸರಿಯಾಗಿ ಬಂದಿಲ್ಲ.