ತಾಮ್ರದ ಮೇಲಿನ ಮಾತು

ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕ್ ಸುಮಾರು 1330ರಲ್ಲಿ ಚಲಾವಣೆಗೆ ತಂದ ತಾಮ್ರ, ಹಿತ್ತಾಳೆಯ ನಾಣ್ಯಗಳಲ್ಲಿ ಕೆಲವು ಇಂದಿಗೂ ಉಳಿದಿವೆ. ಒಂದು ಮುಖದಲ್ಲಿ, ಸುಲ್ತಾನನಿಗೆ ವಿಧೇಯನಾದವನು ದೇವರಿಗೇ ವಿಧೇಯನಾದ ಎಂಬರ್ಥದ ಅರಬ್ಬಿ ಬರಹ. ಮಗುಚಿದರೆ, ಅದೇ ಸುಲ್ತಾನ ತನ್ನನ್ನು ಭರವಸೆ ಹೊತ್ತ ದಾಸ ಎಂದು ಕರೆದುಕೊಂಡಿದ್ದಾನೆ. ಅಪ್ಪಣೆ ಮತ್ತು ಆಸೆ, ಬೆನ್ನಿಗೆ ಬೆನ್ನು.

ಗಿರೀಶ ಕಾರ್ನಾಡರ ‘ತುಘಲಕ್’ (1964) ನಾಟಕ ಓದುವಾಗಲೆಲ್ಲ ಈ ಎರಡನೆಯ ಮುಖ ನನ್ನನ್ನು ಕಾಡುತ್ತದೆ. ನೆಹರೂ ಯುಗದ ಭ್ರಮನಿರಸನವನ್ನು ಅದರಲ್ಲಿ ಕಾಣುವುದು ರೂಢಿ. ತಪ್ಪೇನಲ್ಲ, ಆದರೆ ಅಷ್ಟು ಸಾಲದು. ನಾಟಕ ಕೇಳುವ ಪ್ರಶ್ನೆ ಇನ್ನೂ ಒಂದಿದೆ: ಪ್ರಭುತ್ವ ಇರುವುದು ಸಿಂಹಾಸನದಲ್ಲೋ, ಆಳಿಸಿಕೊಳ್ಳುವವರ ಅಂಗೈಯಲ್ಲೋ?

ಮೊದಲ ದೃಶ್ಯ ನೋಡಿ. ಪ್ರಜೆಯೊಬ್ಬ ದೊರೆಯ ಮೇಲೇ ದಾವೆ ಹೂಡಬಹುದು. ಹಾಗೆ ಹೂಡಿದ ಬ್ರಾಹ್ಮಣ ವಿಷ್ಣುಪ್ರಸಾದ ಗೆಲ್ಲುತ್ತಾನೆ. ಪರಿಹಾರವೂ ಸಿಕ್ಕಿತು, ಸರ್ಕಾರಿ ಹುದ್ದೆಯೂ ಸಿಕ್ಕಿತು. ಆ ಬ್ರಾಹ್ಮಣ ನಿಜದಲ್ಲಿ ಅಗಸ ಅಜೀಜ್. ದೊರೆಯ ಒಂದೊಂದು ಫರ್ಮಾನನ್ನೂ ಅವನಷ್ಟು ಕಿವಿಗೊಟ್ಟು ಕೇಳಿದವರು ಆ ರಾಜ್ಯದಲ್ಲಿ ಇನ್ನೊಬ್ಬರಿಲ್ಲ. ತಾಮ್ರಕ್ಕೂ ಬೆಳ್ಳಿಯ ಬೆಲೆ ಎಂದು ಡಂಗುರ ಹೊಡೆದಾಗ ಅವನು ಖೋಟಾ ನಾಣ್ಯದ ಕಸುಬು ಹಿಡಿಯುತ್ತಾನೆ. ಲೋಹ ಯಾವುದಾದರೇನು, ಅದರ ಮೇಲಿನ ನನ್ನ ಮಾತು ನಂಬಿ ಎಂದಿದ್ದವನು ಸುಲ್ತಾನನೇ. ಆ ಮಾತನ್ನು ಒಲೆಯ ಮುಂದೆ ಕೂತು ಅಚ್ಚೊತ್ತಬಲ್ಲವನು, ಆ ಮಟ್ಟಿಗೆ, ತಾನೂ ಸುಲ್ತಾನನಾದ.

ಖೋಟಾ ಎಂದು ಗೊತ್ತಾದ ಮೇಲೆ ದೊರೆ ಮಾತಿಗೆ ತಪ್ಪಬಹುದಿತ್ತು. ತಪ್ಪಲಿಲ್ಲ. ಬೊಕ್ಕಸದ ಬೆಳ್ಳಿ ಕೊಟ್ಟು ತಾಮ್ರವನ್ನೆಲ್ಲ ಹಿಂದಕ್ಕೆ ಪಡೆದ. ಗುಡ್ಡೆಗಟ್ಟಲೆ ನಾಣ್ಯ ತುಘಲಕಾಬಾದಿನಲ್ಲಿ ಬಿದ್ದಿತ್ತೆಂದು ಚರಿತ್ರಕಾರ ಬರನಿ ಬರೆದಿದ್ದಾನೆ. ಕಾರ್ನಾಡರು ಆ ಗುಡ್ಡೆಯನ್ನು ಎತ್ತಿ ಗುಲಾಬಿ ತೋಟದೊಳಗೆ ಸುರಿಸಿದರು, ಕವಿ ಸಾದಿಯ ಕಾವ್ಯದಂತೆ ಅರಳಬೇಕೆಂದು ಸುಲ್ತಾನ ಕನಸು ಕಂಡಿದ್ದ ತೋಟದೊಳಗೆ. ಅಷ್ಟೊಂದು ಕೊಲೆಗಳ ನಡುವೆಯೂ ಈ ಮನುಷ್ಯನ ಬಗ್ಗೆ ನನ್ನ ಗಂಟಲು ಕಟ್ಟುವುದು ಇಲ್ಲೇ. ಕೊಟ್ಟ ಮಾತು ಉಳಿಸಿಕೊಂಡೇ ಅವನು ಬರಿದಾದ.

ಕೊನೆಗೆ ಅಜೀಜ್ ಸಿಕ್ಕಿಬೀಳುತ್ತಾನೆ. ಮಲತಾಯಿಯನ್ನೇ ಕಲ್ಲೆಸೆದು ಕೊಲ್ಲಿಸಿದ ದೊರೆ ಇವನನ್ನು ಮಾತ್ರ ಶಿಕ್ಷಿಸಲಾರ; ದಖ್ಖನಿನಲ್ಲಿ ಅಧಿಕಾರ ಕೊಟ್ಟು ಕಳಿಸುತ್ತಾನೆ. ತನ್ನ ಮಾತನ್ನು ಅಕ್ಷರಶಃ ನಂಬಿ ಬದುಕಿದವನು ಇವನೊಬ್ಬನೇ ಎಂದು ಅವನಿಗೆ ತಿಳಿದುಹೋಗಿದೆ. ಆಮೇಲೆ ದೊರೆಗೆ ನಿದ್ದೆ ಬರುತ್ತದೆ, ಎಷ್ಟೋ ವರ್ಷಗಳಿಂದ ಬಾರದಿದ್ದ ನಿದ್ದೆ. ಅದರೊಳಗೇ ಬಾಂಗಿನ ಕೂಗು ಕೇಳುತ್ತದೆ. ಎಚ್ಚೆತ್ತು ಸುತ್ತ ನೋಡುತ್ತಾನೆ, ತಾನೆಲ್ಲಿದ್ದೇನೆಂದು ತಿಳಿಯದವನಂತೆ.